ದೀನಮ್ಮನ ರೊಟ್ಟಿ, ನನ್ನ ಪ್ರಾರ್ಥನೆ

ಪ್ರಾರ್ಥನೆ ಮಾಡಿ ಒಬ್ಬ ಹೆಂಗಸಿನ ಅನ್ನ ಕಿತ್ತುಕೊಂಡವಳು ನಾನು. ಕೈಮುಗಿದು, ಕಣ್ಣುಮುಚ್ಚಿ, ನಲವತ್ತು ಹುಡುಗಿಯರ ಎದುರಿಗೆ — ಕರ್ತನ ಹೆಸರಿನಲ್ಲೇ. ಅದು ಬಾಯಿತಪ್ಪಿ ಬಂದ ಮಾತಲ್ಲ. ಯಾವ ಪದದ ನಂತರ ಯಾವ ಪದ ಎಂದು ಹಿಂದಿನ ದಿನವೇ ಜೋಡಿಸಿಟ್ಟುಕೊಂಡಿದ್ದೆ. ಇದನ್ನು ಓದಿ ‘ಪಾಪ’ ಎನ್ನುವವರಿದ್ದರೆ ಆ ಕನಿಕರ ನಿಮ್ಮಲ್ಲೇ ಇರಲಿ, ನನಗೆ ಬೇಡ.

ಅರವತ್ತರ ದಶಕದ ಕೊನೆಯಲ್ಲಿ ಬಳ್ಳಾರಿಯ ಒಂದು ಹೆಣ್ಣುಮಕ್ಕಳ ಬೋರ್ಡಿಂಗಿಗೆ ನಾನು ಮೇಟ್ರನ್ ಆಗಿದ್ದೆ. ಕುರುಗೋಡಿನಿಂದ ಬಂದ ದೀನಮ್ಮ ಅಲ್ಲಿ ಅಡುಗೆಯವಳು. ಗಂಡ ತೀರಿಹೋಗಿದ್ದ. ಮಗಳು ಮಾರ್ಥಾ ನಮ್ಮಲ್ಲೇ ಇದ್ದು ಏಳನೆಯ ತರಗತಿ ಓದುತ್ತಿದ್ದಳು. ತಾಯಿ ಕೆಲಸದಲ್ಲಿ ಇರುವಷ್ಟು ದಿನ ಮಗಳಿಗೆ ಅಲ್ಲಿ ಜಾಗ — ಅದು ಬೋರ್ಡಿಂಗಿನ ನಿಯಮ.

ದೀನಮ್ಮನಿಗೆ ಓದು ಬಾರದು. ಆದರೆ ರೊಟ್ಟಿ ಬಡಿಯುವಾಗ ಒಂದೊಂದು ರೊಟ್ಟಿಗೆ ಒಬ್ಬೊಬ್ಬ ಹುಡುಗಿಯ ಹೆಸರು ಹೇಳುತ್ತಿದ್ದಳು. “ಯೇಸಪ್ಪಾ, ನಮ್ಮ ಶಾಂತಾಗ ಲೆಕ್ಕ ತಲಿಗೆ ಹತ್ತಲಿ” — ಹಂಚಿಗೊಂದು ರೊಟ್ಟಿ. “ಲೀಲಾ ಅವ್ವನ್ನ ನೆಪ್ಪು ಮಾಡ್ಕೊಂಡು ಅಳಬಾರದು” — ಇನ್ನೊಂದು. ಹುಡುಗಿಯರು ತಟ್ಟೆ ಹಿಡಿದು ಬಂದು, “ನಂದು ಯಾವುದವ್ವ?” ಎಂದು ಕೇಳಿ ತಮ್ಮ ತಮ್ಮ ರೊಟ್ಟಿಯನ್ನೇ ಒಯ್ಯುತ್ತಿದ್ದರು.

ನನಗೆ ಉರಿಯುತ್ತಿತ್ತು. ಬೈಬಲ್ ತರಬೇತಿ ಪಡೆದವಳು ನಾನು, ನನ್ನ ಬೆಳಗಿನ ಪ್ರಾರ್ಥನೆಗೆ ಇದೇ ಹುಡುಗಿಯರು ತೂಕಡಿಸುತ್ತಿದ್ದರು. ಒಂದು ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದೆ — ಹಿಟ್ಟಿನ ಕೈಯಲ್ಲಿ ಮಾಡುವುದು ಪ್ರಾರ್ಥನೆಯಲ್ಲ, ದೇವರೆದುರು ಮೊಣಕಾಲೂರಬೇಕು ಎಂದು.

ಆಕೆ ನಕ್ಕಳು. “ಮೊಣಕಾಲೂರಿ ಕುಂತ್ರ ರೊಟ್ಟಿ ಹೊತ್ತಿ ಹೋಗ್ತಾವ್ರಿ ಅಮ್ಮಾರೆ!”

ಹುಡುಗಿಯರೂ ನಕ್ಕರು. ಆಕೆಯ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ — ಅದು ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ಆ ನಗುವನ್ನು ವರ್ಷವಿಡೀ ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದೆ.

ಒಂದು ಮಧ್ಯಾಹ್ನ ದೀನಮ್ಮ ನನ್ನ ಕೋಣೆಗೆ ಬಂದಳು. ಬಾಗಿಲು ಮುಂದೆ ಮಾಡಿ ಕುಪ್ಪಸದ ತೋಳು ಮೇಲೆ ಸರಿಸಿದಳು. ಮೊಣಕೈಯ ಮೇಲೆ ತಿಳಿಬಣ್ಣದ ಒಂದು ಮಚ್ಚೆ, ಮುಟ್ಟಿದರೂ ಅಲ್ಲಿ ಏನೂ ತಿಳಿಯುವುದಿಲ್ಲವಂತೆ. ಡಾಕ್ಟರು ಕುಷ್ಠದ ಆರಂಭ ಎಂದು ಹೇಳಿ ಮಾತ್ರೆ ಕೊಟ್ಟಿದ್ದರು. ಜೊತೆಗೊಂದು ಚೀಟಿ — ಇದು ಅಂಟುವ ಬಗೆಯದಲ್ಲ, ಅಡುಗೆ ಕೆಲಸ ಮಾಡಬಹುದು ಎಂದು ಬರೆದದ್ದು. ಅದನ್ನು ನನ್ನ ಕೈಗಿಟ್ಟಳು.

“ನಿಮಗ ಒಬ್ಬರಿಗೇ ಹೇಳೀನ್ರಿ. ಚೀಟಿ ನಿಮ್ಮ ಹತ್ರಾನ ಇರ್ಲಿ. ನನ್ನ ಸಲುವಾಗಿ ಪ್ರಾರ್ಥನಾ ಮಾಡ್ರಿ ಅಮ್ಮಾರೆ.”

ಮಾಡಿದೆ. ಮರುದಿನ ಬೆಳಿಗ್ಗೆ, ಊಟದ ಹಾಲಿನಲ್ಲಿ, ಖಾಲಿ ತಟ್ಟೆಗಳ ಮುಂದೆ ಕುಳಿತ ಹುಡುಗಿಯರ ನಡುವೆ ನಿಂತು, ದನಿಯೆತ್ತಿ: “ಕರ್ತನೇ, ನಿನ್ನ ದಾಸಿ ದೀನಮ್ಮನ ಕುಷ್ಠವನ್ನು ಗುಣಪಡಿಸು. ನಮಗೆ ರೊಟ್ಟಿ ಬಡಿಯುವ ಆ ಕೈಗಳನ್ನು ಶುದ್ಧಮಾಡು.”

ಶುದ್ಧಮಾಡು — ಬೈಬಲ್ಲಿನದೇ ಮಾತು. ಯಾರು ತಪ್ಪೆನ್ನಬಹುದು? ಪ್ರಾರ್ಥಿಸಿರಿ ಎಂದು ಆಕೆಯೇ ಕೇಳಿದ್ದಳಲ್ಲ... ಅಷ್ಟೂ ಯೋಚಿಸಿಟ್ಟಿದ್ದೆ. ಆಮೆನ್ ಎಂದು ಕಣ್ಣು ತೆರೆದಾಗ ಮೊದಲು ಕಂಡದ್ದು ಮಾರ್ಥಾಳ ಮುಖ. ಪಕ್ಕದ ಹುಡುಗಿ ಆಗಲೇ ತಟ್ಟೆ ಎಳೆದುಕೊಂಡು ಅವಳಿಂದ ದೂರ ಸರಿದು ಕುಳಿತಿದ್ದಳು. ದೀನಮ್ಮ ಬಾಗಿಲಲ್ಲಿ ರೊಟ್ಟಿಯ ಬುಟ್ಟಿ ಹಿಡಿದು ನಿಂತೇ ಇದ್ದಳು. ಯಾರೂ ಏಳಲಿಲ್ಲ.

ವಾರ ಕಳೆಯುವುದರೊಳಗೆ ಊರೂರುಗಳಿಂದ ತಂದೆತಾಯಿಗಳು ಬಂದು ಜಗಳ ತೆಗೆದರು. ಕಮಿಟಿ ಸೇರಿತು. ಅಧ್ಯಕ್ಷರು ಒಳ್ಳೆಯವರು, ಆಕೆಯನ್ನು ಉಳಿಸಿಕೊಳ್ಳಲು ದಾರಿ ಹುಡುಕುತ್ತಿದ್ದರು. “ಡಾಕ್ಟರು ಏನರ ಬರದು ಕೊಟ್ಟಾರೇನ್ರಿ? ಒಂದು ಕಾಗದ ಇದ್ರ ಸಾಕು” ಎಂದರು. ದೀನಮ್ಮ ನನ್ನ ಕಡೆ ನೋಡಿದಳು. ಅಷ್ಟಾದ ಮೇಲೂ — ಅದು ನನ್ನನ್ನು ಇಂದಿಗೂ ಕೊಲ್ಲುತ್ತದೆ — ಅಷ್ಟಾದ ಮೇಲೂ, ಅಮ್ಮಾರು ಚೀಟಿ ತೆಗೆದುಕೊಡುತ್ತಾರೆ ಎಂದು ನಂಬಿ ನೋಡಿದಳು.

“ಇಲ್ರಿ, ನನಗೇನೂ ಕೊಟ್ಟಿಲ್ಲ” ಎಂದೆ.

“ಕೊಟ್ಟೀನ್ರಿ! ಅಮ್ಮಾರ ಕೈಯಾಗನ ಕೊಟ್ಟೀನಿ!”

ಮೇಟ್ರನ್ನಿನ ಮಾತು ಒಂದು ಕಡೆ, ಅಡುಗೆಯವಳ ಮಾತು ಒಂದು ಕಡೆ. ಇನ್ನೊಂದು ಚೀಟಿ ಬರೆಸಿಕೊಂಡು ಬರುತ್ತೇನೆ ಎಂದು ಬೇಡಿಕೊಂಡಳು. ರೋಗದ ಮಾತು ಹಾಗಿರಲಿ, ಸುಳ್ಳು ಹೇಳುವವಳು ಅಡುಗೆಮನೆಯಲ್ಲಿ ಬೇಡ ಎಂದು ಯಾರೋ ಅಂದರು. ಅಲ್ಲಿಗೆ ಮುಗಿಯಿತು. ತಾಯಿ ಮಗಳು ಟ್ರಂಕು ಹೊತ್ತು ಹೊರಟರು. ನಾನು ಹೋಗಿ ಚೀಟಿಯನ್ನು ಆಕೆಯದೇ ಒಲೆಗೆ ಹಾಕಿದೆ.

ಹನ್ನೆರಡು ವರ್ಷದ ಮೇಲೆ, ನಿವೃತ್ತಿಯಾಗಿ ಮನೆಯಲ್ಲಿ ಕುಳಿತ ಮೇಲೆ, ಹುಡುಕಿಕೊಂಡು ಸಿರುಗುಪ್ಪಕ್ಕೆ ಹೋದೆ. ಅಕ್ಕಿ ಗಿರಣಿಯ ಅಂಗಳದಲ್ಲಿ ದೀನಮ್ಮ ಕುದಿಸಿದ ಭತ್ತವನ್ನು ಕಾಲಿನಿಂದ ಹರವುತ್ತಿದ್ದಳು. ಕಾಯಿಲೆ ಎಂದೋ ವಾಸಿಯಾಗಿತ್ತು. ಪಕ್ಕದಲ್ಲಿ ಮಾರ್ಥಾ — ಬೋರ್ಡಿಂಗ್ ಬಿಟ್ಟ ಮೇಲೆ ಶಾಲೆಯ ಮುಖ ನೋಡದವಳು — ಅವಳೂ ಅದೇ ಬಿಸಿಲಲ್ಲಿ ಅದೇ ಕೆಲಸ ಮಾಡುತ್ತಿದ್ದಳು. ನನ್ನನ್ನು ಕಂಡು ಬೆನ್ನು ತಿರುಗಿಸಿದಳು.

ಕ್ಷಮಿಸು ಎಂದೆ. ಅತ್ತುಬಿಟ್ಟೆ. ದಿನವೂ ನಿನಗಾಗಿ ಪ್ರಾರ್ಥಿಸುತ್ತೇನೆ ಎಂದೆ — ಅದಂತೂ ಸುಳ್ಳಲ್ಲ.

“ಬ್ಯಾಡ್ರಿ” ಎಂದಳು, ಕಾಲು ನಿಲ್ಲಿಸದೆ. “ನಿಮ್ಮ ಪ್ರಾರ್ಥನಾ ಒಮ್ಮಿ ಉಂಡೀನಿ, ಸಾಕು. ಕ್ಷಮಿಸೀನಿ ಅಂದ್ರ ನೀವು ಹಗುರಾಗಿ ಬಸ್ ಹತ್ತಿ ಹೋಗ್ತೀರಿ. ಅನ್ನಂಗಿಲ್ಲ. ಮಂದಿ ಮುಂದ ನನ್ನ ಸುಳ್ಳಬುರುಕಿ ಮಾಡಿದ್ರಿ. ಮಂದಿ ಮುಂದನ ಹೇಳ್ರಿ, ಹೋಗ್ರಿ.”

ಹೇಳಲಿಲ್ಲ. ಅದಾಗಿ ನಾಲ್ಕು ವರ್ಷ. ಪ್ರತಿ ಭಾನುವಾರ ಚರ್ಚಿನ ಸಭೆಯಲ್ಲಿ ಕೊನೆಯ ಪ್ರಾರ್ಥನೆಗೆ ನನ್ನನ್ನೇ ಕರೆಯುತ್ತಾರೆ, ನಾನು ಎದ್ದು ನಿಂತು ಬಾಯಿತುಂಬ ಪ್ರೀತಿ ಪ್ರೀತಿ ಎನ್ನುತ್ತೇನೆ. ಅಂದಿನ ಹುಡುಗಿಯರಲ್ಲಿ ಐದಾರು ಮಂದಿ ಈಗ ಮಕ್ಕಳನ್ನು ಕರೆದುಕೊಂಡು ಅಲ್ಲಿಗೇ ಬರುತ್ತಾರೆ. ಕಳೆದ ಭಾನುವಾರ ಅವರಲ್ಲೊಬ್ಬಳು ತನ್ನ ಮಗಳಿಗೆ ಹೇಳುತ್ತಿದ್ದಳು — “ನಮಗೊಬ್ಬಾಕಿ ಅಡಿಗಿಯಾಕಿ ಇದ್ಲು. ಕುಷ್ಠ ಮುಚ್ಚಿಟ್ಟು ನಮಗೆಲ್ಲ ರೊಟ್ಟಿ ತಿನ್ನಿಸಿದ್ಲು. ಭಾಳ ಸುಳ್ಳಬುರುಕಿ.” ನಾನು ಪಕ್ಕದಲ್ಲೇ ಇದ್ದೆ. ಆಗಲೂ ಬಾಯಿ ಬಿಡಲಿಲ್ಲ. ಆ ಮಗು ನನ್ನತ್ತ ನೋಡಿ ನಕ್ಕಿತು, ನಾನೂ ನಕ್ಕೆ. ಛೀ.

ಬರುವ ಭಾನುವಾರ ಕರೆದಾಗ ನಾನು ಪ್ರಾರ್ಥಿಸುವುದಿಲ್ಲ. ಅವರು ತಲೆ ಬಗ್ಗಿಸುವ ಮೊದಲೇ ಹೇಳಬೇಕು — ದೀನಮ್ಮ ಚೀಟಿ ಕೊಟ್ಟಿದ್ದಳು, ಸುಟ್ಟವಳು ನಾನು ಎಂದು. ನನ್ನ ಧೈರ್ಯದ ಮೇಲೆ ನನಗೆ ನಂಬಿಕೆಯಿಲ್ಲ, ಅದಕ್ಕೇ ಇಷ್ಟು ಬರೆದದ್ದು. ನಾಲಿಗೆ ಏಳದಿದ್ದರೆ ಈ ಹಾಳೆಗಳನ್ನು ಆ ಮಗುವಿನ ತಾಯಿಯ ಕೈಗೆ ಕೊಟ್ಟು, ಎಲ್ಲರಿಗೂ ಕೇಳುವಂತೆ ಓದಮ್ಮ ಎನ್ನುತ್ತೇನೆ.