ಎರಡು ಡ್ರಮ್ಮು, ಒಂದು ಸಮುದ್ರ

ನನಗೆ ಸಿಟ್ಟು ಬೇಗ ಬರುತ್ತದೆ ಎಂದು ನಮ್ಮ ಮನೆಯವರು ಬಂದವರ ಮುಂದೆಲ್ಲ ಹೇಳುತ್ತಾರೆ. ಸುಳ್ಳು. ನನಗೆ ಸಿಟ್ಟು ಬರಲು ಇಡೀ ಒಂದು ಸಂಸಾರದಷ್ಟು ಹೊತ್ತು ಹಿಡಿಯಿತು. ಬಂದ ಮೇಲೆ ಹೋಗಲಿಲ್ಲ, ಅಷ್ಟೆ.

ನನ್ನ ಗಂಡ ಗೆಳೆಯರ ಜೊತೆ ಗೋವಾಕ್ಕೆ ಹೋಗಿ ಬಂದಲ್ಲಿಂದ ಇದು ಶುರುವಾಯಿತು. ಅಲ್ಲಿ ಒಂದು ಸಂಜೆ ಇವರನ್ನೆಲ್ಲ ದೋಣಿಯಲ್ಲಿ ಕೂರಿಸಿಕೊಂಡು ಹೋದರಂತೆ. ದೋಣಿಯೊಳಗೇ ಒಬ್ಬ ಹೂವಿನ ಅಂಗಿಯವನು ಬಗೆಬಗೆಯ ಮದ್ಯಕ್ಕೆ ಹಣ್ಣಿನ ರಸ ಬೆರೆಸಿ, ಗ್ಲಾಸಿನ ಅಂಚಿಗೆ ಉಪ್ಪು ಹಚ್ಚಿ, ಮೇಲೊಂದು ಕಾಗದದ ಛತ್ರಿ ಚುಚ್ಚಿ ಕೊಟ್ಟನಂತೆ. ನಮ್ಮೂರು ಬೆಟಗೇರಿಗೆ ಮರಳಿ ಇವರು ಚೀಲ ಬಿಚ್ಚಿದಾಗ ನನಗೊಂದು ಸೀರೆ ಇದ್ದೀತು ಎಂದುಕೊಂಡಿದ್ದೆ. ಹೊರಗೆ ಬಂದದ್ದು ಉದ್ದ ಕಾಲಿನ ಗ್ಲಾಸುಗಳು, ಹಾಕಿ ಕುಲುಕಲಿಕ್ಕೆ ಮುಚ್ಚಳದ ಒಂದು ಸ್ಟೀಲು ಡಬ್ಬಿ, ನೀಲಿ ಸಿರಪ್ಪಿನ ಬಾಟಲಿಗಳು, ಒಂದು ಕಟ್ಟು ಕಾಗದದ ಛತ್ರಿ. ಚೀಲದ ತಳದಲ್ಲಿ ಉಳಿದಿದ್ದ ಮರಳನ್ನು ಅಂಗಳಕ್ಕೆ ಒದರಿ ಬಂದೆ.

ಸಮುದ್ರ ನೋಡಬೇಕೆಂದದ್ದು ನಾನು. ಮದುವೆಯಾದ ಹೊಸತರಲ್ಲಿ ನಿನಗೇನು ಬೇಕು ಎಂದು ಇವರು ಕೇಳಿದ್ದರು. ಲಕ್ಷ್ಮೇಶ್ವರದಲ್ಲಿ ಬೆಳೆದ ನಾನು ಕಂಡಿದ್ದ ದೊಡ್ಡ ನೀರೆಂದರೆ ಮುಂಡರಗಿ ಕಡೆ ಒಂದು ಮದುವೆಗೆ ಹೋದಾಗ ನೋಡಿದ ತುಂಗಭದ್ರಾ ಹೊಳೆ. ಸಮುದ್ರ ತೋರಿಸಿರಿ ಎಂದೆ. ಅದೇನು ದೊಡ್ಡದು, ಬರುವ ಸೂಟಿಯಲ್ಲಿ ಹೋಗೋಣ ಎಂದರು. ಆ ಸೂಟಿಗೆ ಅತ್ತೆಗೆ ಜ್ವರ. ಅದರ ಮುಂದಿನದಕ್ಕೆ ಮಗ್ಗದ ಸಾಮಾನಿನ ಅಂಗಡಿಯಲ್ಲಿ ಕೆಲಸ. ಆಮೇಲೆ ಮಗಳ ಪರೀಕ್ಷೆ, ಮಗಳ ಮದುವೆ, ಮಗಳ ಬಾಣಂತನ, ಕೊನೆಗೆ ಇವರ ಮೊಣಕಾಲು ನೋವು. ಅದೇ ಮೊಣಕಾಲು ಗೆಳೆಯರು ಕರೆದಾಗ ಗೋವಾದವರೆಗೆ ನೋಯಲಿಲ್ಲ.

ಆಮೇಲೆ ಪ್ರತಿ ರವಿವಾರ ಸಂಜೆ ನಮ್ಮ ಹಿತ್ತಲಿನ ಬೇವಿನ ಗಿಡದ ಕೆಳಗೆ ಗೋವಾ ಇಳಿಯತೊಡಗಿತು. ಇವರು ಬೆರೆಸುವವರು, ಗೆಳೆಯರು ಕುಡಿಯುವವರು. ಬೆರೆಸಿದ್ದರಲ್ಲಿ ಒಂದರ ಹೆಸರು ‘ನೀಲಿ ಅಲೆ’, ಇನ್ನೊಂದರದು ‘ಬಂದರು’. ‘ಮರಳದಂಡೆ’ ಎಂಬುದಕ್ಕೆ ನನ್ನ ಉಪ್ಪಿಟ್ಟಿನ ರವೆಯನ್ನು ಹುರಿದು, ಸಕ್ಕರೆ ಕೂಡಿಸಿ ಗ್ಲಾಸಿನ ಅಂಚಿಗೆ ಮೆತ್ತುತ್ತಿದ್ದರು. ನಾನು ಒಳಗೆ ಲಿಂಬೆ ಹೋಳು ಮಾಡಬೇಕು, ಮಿರ್ಚಿ ಕರಿಯಬೇಕು, ಗಿರಮಿಟ್ ಕಲಸಬೇಕು. ಬಾಣಲೆಯ ಮುಂದೆ ಬೆವರು ಸುರಿಸುತ್ತ ನಿಂತವಳಿಗೆ ಹೊರಗಿನಿಂದ ಸಮುದ್ರದ ವರ್ಣನೆ ಕೇಳಿಸುತ್ತಿತ್ತು.

ಒಂದು ರವಿವಾರ ನನ್ನನ್ನೂ ಹೊರಗೆ ಕರೆದರು. ಮದ್ಯ ಹಾಕದೆ ನೀಲಿ ಸಿರಪ್ಪು, ಲಿಂಬೆ, ತುಳಸಿ ಎಲೆ ಹಾಕಿದ ಒಂದು ಗ್ಲಾಸನ್ನು ಎಲ್ಲರೆದುರು ನನ್ನ ಕೈಗೆ ಕೊಟ್ಟರು.

“ತೊಗೊ, ನಿನ್ನ ಸಮುದ್ರ. ಭಾಳ ದಿನದಿಂದ ಕೇಳಾಕತ್ತಿದ್ದಿ,” ಅಂದರು.

ಗೆಳೆಯರು ಹೊಟ್ಟೆ ಹಿಡಿದು ನಕ್ಕರು. ವೈನಿಯವರ ಆಸೆ ಕುಂತಲ್ಲೇ ಪೂರೈಸಿತು ಎಂದು ಒಬ್ಬ ಚಪ್ಪಾಳೆ ತಟ್ಟಿದ. ನಾನು ಕುಡಿದೆ. ರುಚಿಯಾಗಿತ್ತು, ಹಾಳಾದ್ದು. ಅದಕ್ಕೇ ಇನ್ನಷ್ಟು ಉರಿಯಿತು.

ಇನ್ನು ನೀರಿನ ಮಾತು ಹೇಳಬೇಕು. ಅದಿಲ್ಲದೆ ನನ್ನ ಸಿಟ್ಟು ನಮ್ಮೂರಿನ ಹೊರಗಿನವರಿಗೆ ತಿಳಿಯುವುದಿಲ್ಲ. ನಮ್ಮಲ್ಲಿ ನಳ ದಿನಾ ಬರುವುದಿಲ್ಲ. ಬಂದಾಗ ಹೊಳೆಯ ಸಿಹಿನೀರು ಬರುತ್ತದೆ; ಹೋದರೆ ಮತ್ತೆ ಬರುವ ದಿನ ದೇವರಿಗೇ ಗೊತ್ತು. ಬೋರಿನ ನೀರು ಬೇಕಾದಷ್ಟಿದೆ, ಆದರೆ ಸವಳು. ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ, ಬಾಯಿಗೆ ಹಾಕಿದರೆ ಉಗುಳಬೇಕು. ಅದಕ್ಕೆ ನಮ್ಮ ಹಿತ್ತಲಿನ ಕಟ್ಟೆಯ ಮೇಲೆ ಎರಡು ಸ್ಟೀಲಿನ ಡ್ರಮ್ಮು. ಒಂದರಲ್ಲಿ ಬಳಸುವ ಸವಳು ನೀರು. ಇನ್ನೊಂದರಲ್ಲಿ ಬಿಳಿ ಬಟ್ಟೆಯಲ್ಲಿ ಸೋಸಿದ ಕುಡಿಯುವ ನೀರು. ಯಾರೂ ಕೈ ಅದ್ದಬಾರದೆಂದು ಅದಕ್ಕೆ ಕೆಳಗೊಂದು ತಿರುವಿ ನೀರು ಬಿಡುವ ತೋಟಿ ಹಾಕಿಸಿದ್ದೆ. ನಳ ಬಂದು ಡ್ರಮ್ಮು ತುಂಬುವವರೆಗೆ ನಾನು ತವರಿಗೂ ಹೋದವಳಲ್ಲ.

ಅದಾದ ಮೇಲೆ ಇನ್ನೊಂದು ರವಿವಾರ ನಸುಕಿನಲ್ಲೇ ನಳ ಬಂದಿತ್ತು. ಡ್ರಮ್ಮು ತುಂಬಿ, ಬಟ್ಟೆ ಕಟ್ಟಿ, ನಿಶ್ಚಿಂತೆಯಿಂದ ಲಕ್ಷ್ಮೇಶ್ವರಕ್ಕೆ ತೊಟ್ಟಿಲ ಕಾರ್ಯಕ್ಕೆ ಹೋದೆ. ಸಂಜೆ ಬಾಯಾರಿ ಬಂದವಳು ಚೀಲ ಕೆಳಗಿಡುವುದಕ್ಕೂ ಮೊದಲು ತಂಬಿಗೆ ಹಿಡಿದು ಹಿತ್ತಲಿಗೆ ಹೋದೆ. ಗೆಳೆಯರೆಲ್ಲ ಬೇವಿನ ಗಿಡದ ಕೆಳಗಿದ್ದರು. ತೋಟಿ ತಿರುಗಿಸಿದೆ. ನೀಲಿ ಬಂತು.

ಬಟ್ಟೆ ಬಿಚ್ಚಿ ನೋಡಿದರೆ ಡ್ರಮ್ಮಿನ ತುಂಬ ನೀಲಿ. ಮೇಲೆ ಲಿಂಬೆ ಹೋಳು, ತುಳಸಿ ಎಲೆ, ಎರಡು ಕಾಗದದ ಛತ್ರಿ ತೇಲುತ್ತಿದ್ದವು. ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದೆ. ಉಪ್ಪೂ ಇತ್ತು. ಗೋವಾದ ಆ ದೋಣಿಯಲ್ಲಿ ತೋಟಿ ಇರುವ ದೊಡ್ಡ ಗಾಜಿನ ಹಂಡೆ ಇತ್ತಂತೆ, ಎಲ್ಲರೂ ತಮಗೆ ಬೇಕಾದಷ್ಟು ಹಿಡಿದುಕೊಳ್ಳುತ್ತಿದ್ದರಂತೆ. ನಮ್ಮ ಡ್ರಮ್ಮಿಗೂ ತೋಟಿ ಇದೆಯಲ್ಲ ಎಂದು ಇವರಿಗೆ ಹೊಳೆದಿತ್ತು. ಅದನ್ನು ಹೇಳುವಾಗ ಮುಖದಲ್ಲಿ ಎಂಥ ಹೆಮ್ಮೆ.

ಇದು ಕುಡಿಯುವ ನೀರು ಎಂದೆ. ಆ ಇನ್ನೊಂದು ಡ್ರಮ್ಮೂ ತುಂಬಿದೆಯಲ್ಲ, ಅದನ್ನು ಕುಡಿ ಎಂದರು. ಅದು ಬೋರಿನದು ಎಂದೆ.

“ಅದೂ ನೀರು, ಇದೂ ನೀರು. ಅದರಾಗೇನೈತಿ? ಇಷ್ಟಕ್ಕ ಮಂದಿ ಮುಂದ ಮಾರಿ ಯಾಕ ಊದಿಸ್ತಿ?” ಅಂದರು.

ನನಗೆ ಸಿಟ್ಟಿಗಿಂತ ಮೊದಲು ಬಂದದ್ದು ಆಶ್ಚರ್ಯ. ಇಷ್ಟು ವರ್ಷ ಇದೇ ಮನೆಯಲ್ಲಿ ಇದ್ದಾರೆ, ಇದೇ ಹಿತ್ತಲಿನಲ್ಲಿ ಹಲ್ಲು ತಿಕ್ಕಿದ್ದಾರೆ. ಯಾವ ಡ್ರಮ್ಮಿನಲ್ಲಿ ಯಾವ ನೀರಿದೆ ಎಂದು ಈ ಮನುಷ್ಯನಿಗೆ ಗೊತ್ತೇ ಇಲ್ಲ. ಗೊತ್ತು ಮಾಡಿಕೊಳ್ಳುವ ಪ್ರಸಂಗವೇ ಬಂದಿರಲಿಲ್ಲ. ಕೈ ಚಾಚಿದಾಗಲೆಲ್ಲ ತುಂಬಿದ ಗ್ಲಾಸು ಬಂದಿದೆ. ಸಮುದ್ರವೇ ಬೇಕಿದ್ದರೆ ಸವಳು ನೀರಿಗೆ ಬಣ್ಣ ಹಾಕಿದ್ದರೆ ಸಾಕಿತ್ತು, ಉಪ್ಪಾದರೂ ಉಳಿಯುತ್ತಿತ್ತು. ಸಿಹಿನೀರಿಗೆ ಉಪ್ಪು ಸುರಿದು ಕೆಡಿಸಿದ ಜಾಣ ನಮ್ಮ ಊರಿನಲ್ಲಿ ಇವರೊಬ್ಬರೇ ಇರಬೇಕು. ಇದನ್ನೆಲ್ಲ ಅವರ ಗೆಳೆಯರ ಎದುರಿಗೇ ಹೇಳಿದೆ. ಗೆಳೆಯರು ಚಪ್ಪಲಿ ಹುಡುಕತೊಡಗಿದರು.

ಅವತ್ತು ಕೊಡ ಹಿಡಿದುಕೊಂಡು ಪಕ್ಕದ ಮನೆಗೆ ಹೋದೆ. ಅವರದು ಟೇಲರ್ ಅಂಗಡಿಯ ಮುಸಲ್ಮಾನರ ಮನೆ. ಆ ಹೆಣ್ಣುಮಗಳು ನನ್ನನ್ನು ಅಕ್ಕಾ ಎನ್ನುತ್ತಾಳೆ. ನಮ್ಮ ಓಣಿಯಲ್ಲಿ ಸಕ್ಕರೆ ಕೇಳಬಹುದು, ಚಹಾಪುಡಿ ಕೇಳಬಹುದು, ಕುಡಿಯುವ ನೀರು ಕೇಳಲು ಮುಖ ಬೇಕು. ಆಕೆ ಯಾಕೆ ಎಂದು ಕೇಳದೆ ತನ್ನ ಡ್ರಮ್ಮಿನಿಂದ ಕೊಡ ತುಂಬಿ ಕೊಟ್ಟಳು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾದವು. ನಡೆದದ್ದನ್ನೆಲ್ಲ ನಾನೇ ಹೇಳಿದೆ, ಸಮುದ್ರದ ಹಳೆಯ ಮಾತನ್ನೂ.

ಆಕೆ ತನ್ನ ತಂಗಿಯನ್ನು ಕಾರವಾರಕ್ಕೆ ಕೊಟ್ಟಿದ್ದಾರೆ ಎಂದಳು. ಆಮೇಲೆ, “ಅಕ್ಕಾ, ಈಗ ಸರಕಾರಿ ಬಸ್ಸಿನ್ಯಾಗ ಹೆಣ್ಣಮಕ್ಕಳಿಗೆ ಟಿಕೀಟಿನ ರೊಕ್ಕ ಇಲ್ಲ, ಪುಕ್ಕಟ. ಹೋಗೂಣು ನಡೀರಿ,” ಅಂದಳು.

ನಳ ಬಂದು ಬಹಳ ದಿನವಾಗಿತ್ತು, ಇವತ್ತೋ ನಾಳೆಯೋ ಬರುವಂತಿತ್ತು. ಬೇಕೆಂದೇ ಆಗ ಹೊರಟೆ. ಕಾರವಾರಕ್ಕೆ ಹೋಗುತ್ತೇನೆ, ಎರಡು ದಿನ ಬಿಟ್ಟು ಬರುತ್ತೇನೆ ಎಂದು ಹೇಳಿದಾಗ ಇವರು ಪೇಪರಿನಿಂದ ತಲೆ ಎತ್ತದೆ ಹ್ಞೂಂ ಎಂದರು. ಸಿಟ್ಟಿನ ಮಾತು, ಸಂಜೆಯೊಳಗೆ ಇಳಿಯುತ್ತದೆ ಎಂದುಕೊಂಡಿರಬೇಕು. ಮರುದಿನ ನಾವಿಬ್ಬರೂ ಬೆಳಗಿನ ಮೊದಲ ಬಸ್ಸಿಗೆ ಹುಬ್ಬಳ್ಳಿ ಮುಟ್ಟಿದೆವು. ಅಲ್ಲಿಂದ ಯಲ್ಲಾಪುರದ ಮೇಲೆ ಘಟ್ಟ ಇಳಿಯುವ ಬಸ್ಸು. ಕಟ್ಟಿಕೊಂಡಿದ್ದ ರೊಟ್ಟಿ ಬಿಚ್ಚುವ ಹೊತ್ತಿಗೆ ಸಮುದ್ರದ ದಂಡೆಯಲ್ಲಿದ್ದೆವು.

ಅದನ್ನು ನೋಡಿ ನನಗೆ ಅಳು ಬಂತು, ಸಂತೋಷಕ್ಕಲ್ಲ. ಇಷ್ಟೇ ದೂರವೇ? ಬೆಳಿಗ್ಗೆ ಹೊರಟರೆ ಊಟದ ಹೊತ್ತಿಗೆ ಸಿಗುವ ಸಮುದ್ರವನ್ನು ತೋರಿಸಲು ಒಬ್ಬ ಗಂಡಸಿಗೆ ಒಂದು ಹರೆಯ, ಒಂದು ನಡುಹರೆಯ ಸಾಲಲಿಲ್ಲವೇ? ಯಾರಾದರೂ ಕರೆದುಕೊಂಡು ಹೋಗಲಿ ಎಂದು ಕಾದ ನನ್ನ ಮೇಲೂ ಸಿಟ್ಟು ಬಂತು. ಆ ನೀರು ನೀಲಿಯೂ ಇರಲಿಲ್ಲ. ದಂಡೆಯ ಹತ್ತಿರ ಕೆಸರು ಬಣ್ಣ, ದೂರದಲ್ಲಿ ಬೂದಿ ಬಣ್ಣ. ಗೋವಾದ ಬಾಟಲಿ ಅದರಲ್ಲೂ ಸುಳ್ಳು ಹೇಳಿತ್ತು.

ಸೀರೆ ಎತ್ತಿ ಕಟ್ಟಿಕೊಂಡು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದೆ. ಚೀಲದಲ್ಲಿದ್ದ ಫೋನು ರಿಂಗಾಗತೊಡಗಿತು. ಆಕೆ ದಂಡೆಯಿಂದ ತಂದು ಕೈಗೆ ಕೊಟ್ಟಳು. ಮನೆಯವರು.

“ಎಲ್ಲಿದ್ದಿ? ನಳ ಬಂದೈತಿ. ಯಾ ಡ್ರಮ್ಮಿಗೆ ತುಂಬಬೇಕು? ಜಲ್ದಿ ಹೇಳ, ನೀರು ಹರದು ಹೊಂಟೈತಿ.”

ಅವರ ಮಾತಿನ ಹಿಂದೆ ನೀರು ಅಂಗಳಕ್ಕೆ ಬೀಳುವ ಸದ್ದು ಕೇಳುತ್ತಿತ್ತು. ಅಭ್ಯಾಸಬಲದಿಂದ ‘ತೋಟಿ ಇರುವುದಕ್ಕೆ, ಮೊದಲು ಬಟ್ಟೆ ಕಟ್ಟಿರಿ’ ಎಂದು ಬಾಯಿಗೆ ಬಂದೇ ಬಿಟ್ಟಿತ್ತು. ನುಂಗಿದೆ.

“ಅದೂ ನೀರು, ಇದೂ ನೀರು. ಯಾವುದಕ್ಕರ ತುಂಬ್ರಿ,” ಅಂದೆ.

ಅವರು ಏನೋ ಹೇಳುತ್ತಿದ್ದರು. ಫೋನು ಬಂದ್ ಮಾಡಿ ಆಕೆಯ ಕೈಗೆ ಕೊಟ್ಟು, ಸೀರೆಯನ್ನು ಇನ್ನಷ್ಟು ಎತ್ತಿಕೊಂಡು ಮುಂದಕ್ಕೆ ಹೋದೆ.