ಓರಗಿತ್ತಿಗೆ ಗೊತ್ತಿದ್ದ ಏಳು ಮರಗಳು

ನನ್ನ ಓರಗಿತ್ತಿಯ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಈಗ ಇಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಅವಳ ಚಿನ್ನಕ್ಕಲ್ಲ, ಬಣ್ಣಕ್ಕಲ್ಲ, ಅವಳ ಗಂಡನ ದೊಡ್ಡ ಗಾಡಿಗೂ ಅಲ್ಲ. ಈ ಕತಾರ್‌ನಲ್ಲಿ ಅವಳಿಗೆ ಏಳು ಮರ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಅಷ್ಟೇ.

ನಗಬೇಡಿ. ಹದಿನಾಲ್ಕು ವರ್ಷ ಇಲ್ಲಿ ಇದ್ದು ನೋಡಿ, ಆಮೇಲೆ ನಗಿ. ನಾನು ಹೇಳುತ್ತಿರುವುದು ರಸ್ತೆ ಬದಿಯಲ್ಲಿ ಪೈಪಿನ ನೀರು ಕುಡಿದು ಬೆಳೆದ ಮರಗಳ ಮಾತಲ್ಲ. ಮರುಭೂಮಿಯ ನಡುವೆ ಅಲ್ಲಲ್ಲಿ ಮಳೆನೀರು ಇಳಿದು ನಿಲ್ಲುವ ತಗ್ಗುಗಳಿವೆ, ಇಲ್ಲಿಯವರು ರೌದಾ ಎನ್ನುತ್ತಾರೆ. ಅಲ್ಲಿ ನಮ್ಮ ಬೋರೆಯ ಜಾತಿಯ ಮುಳ್ಳುಮರಗಳು ಯಾರ ಹಂಗೂ ಇಲ್ಲದೆ ತಾವಾಗಿಯೇ ಬೆಳೆದಿರುತ್ತವೆ. ಬೇಲಿ ಇಲ್ಲ, ಗೇಟು ಇಲ್ಲ, ಬುಕಿಂಗ್ ಇಲ್ಲ. ನಲ್ಲಿಯೂ ಇಲ್ಲ, ಕಕ್ಕಸೂ ಇಲ್ಲ. ಗಾಡಿಯನ್ನು ದೂರದಲ್ಲೇ ನಿಲ್ಲಿಸಿ, ನೀರು, ಅಕ್ಕಿ, ಟೆಂಟು ಎಲ್ಲವನ್ನೂ ಹೊತ್ತು ನಡೆಯಬೇಕು, ಮರುದಿನ ಕಸವನ್ನೂ ಹೊತ್ತು ತರಬೇಕು. ಸರ್ಕಾರದ ಜಾಗ, ದೇವರ ನೆರಳು.

ಏಳು ಮರಗಳಿರುವ ಅಂಥದೊಂದು ಜಾಗವನ್ನು ಹುಡುಕಿದವಳು ನನ್ನ ಗಂಡನ ತಮ್ಮನ ಹೆಂಡತಿ. ಮೈದುನನಿಗೆ ರಾಸ್ ಲಫಾನ್‌ನ ಗ್ಯಾಸ್ ಘಟಕದಲ್ಲಿ ಶಿಫ್ಟ್ ಕೆಲಸ, ಉತ್ತರದ ಅಲ್ ಖೋರ್‌ನಲ್ಲಿ ಕಂಪನಿಯ ಮನೆ. ನಾವು ದೋಹಾದಲ್ಲಿ. ಅವಳು ಇಲ್ಲಿಗೆ ಬಂದು ಎರಡೇ ವರ್ಷವಾಗಿತ್ತು. ಬಂದ ಮೊದಲ ಚಳಿಗಾಲದಲ್ಲೇ ಗಂಡನನ್ನು ಎಬ್ಬಿಸಿಕೊಂಡು ಮರುಭೂಮಿ ಸುತ್ತಿದಳು. ಮಕ್ಕಳಿಲ್ಲದವರಿಗೆ ರಜೆಯ ಶುಕ್ರವಾರ ಉದ್ದ ಎಂದು ನಾನು ಒಮ್ಮೆ ಯಾರೊಡನೆಯೋ ಅಂದದ್ದುಂಟು. ಅಂದಮೇಲೆ ನಾಲಿಗೆ ಕಚ್ಚಿಕೊಂಡೆ, ಆದರೆ ಅಂದದ್ದು ಅಂದದ್ದೇ.

ಅವಳಿಗೆ ಮರ ಸಿಕ್ಕಿದ್ದನ್ನು ನಾನು ಹೇಗೋ ಸಹಿಸಿಕೊಳ್ಳುತ್ತಿದ್ದೆ. ಅವಳಿಗೆ ನನ್ನ ಮಗಳೂ ಸಿಕ್ಕಿಬಿಟ್ಟಳು.

ಮಗಳಿಗೆ ಆಗ ಹತ್ತು ವರ್ಷ. ಒಂದು ಸಲ ಚಿಕ್ಕಮ್ಮನ ಜೊತೆ ಆ ಮರಗಳ ಕೆಳಗೆ ರಾತ್ರಿ ಕಳೆದು ಬಂದವಳು, ಹೊಗೆಯ ವಾಸನೆ ಹೊಡೆಯುವ ಕೂದಲನ್ನು ತೊಳೆಯಲೂ ಬಿಡಲಿಲ್ಲ. ಆಮೇಲೆ ಮನೆಯಲ್ಲಿ ಬರೀ ಅದೇ ರಾಮಾಯಣ. ಚಿಕ್ಕಮ್ಮ ಮೂರು ಕಲ್ಲಿಟ್ಟು ಗಂಜಿ ಬೇಯಿಸಿದರು. ಚಿಕ್ಕಮ್ಮನಿಗೆ ಹಕ್ಕಿಯ ಹೆಸರೆಲ್ಲ ಗೊತ್ತು. ಚಿಕ್ಕಮ್ಮ ಹಾಗೆ, ಚಿಕ್ಕಮ್ಮ ಹೀಗೆ. ನಾನು ದಿನವೂ ಐದು ಗಂಟೆಗೆ ಎದ್ದು ಬೇಯಿಸುವ ಗಂಜಿಯನ್ನು ಈ ಹುಡುಗಿ ಹುಟ್ಟಿದಾರಭ್ಯ ಮೂಸಿಯೂ ನೋಡಿರಲಿಲ್ಲ.

"ಎಲ್ಲಿ ಆ ಜಾಗ? ಯಾವ ರಸ್ತೆಯಲ್ಲಿ ಹೋದದ್ದು?" ಎಂದು ಒಂದು ದಿನ ಜಡೆ ಹಾಕುತ್ತ ಕೇಳಿದೆ.

"ಅಮ್ಮಾ, ಹೇಳ್ಲಿಕ್ಕಾಗುದಿಲ್ಲ. ಚಿಕ್ಕಮ್ಮನಿಗೆ ಪ್ರಾಮಿಸ್ ಮಾಡಿದ್ದೇನೆ."

"ನಾನು ನಿನ್ನ ಅಮ್ಮ ಅಲ್ವಾ?"

"ಪ್ರಾಮಿಸ್ ಈಸ್ ಪ್ರಾಮಿಸ್ ಅಮ್ಮಾ."

ನನಗೆ ಮೈಯೆಲ್ಲ ಉರಿದುಹೋಯಿತು. ಒಂಬತ್ತು ತಿಂಗಳು ಹೊತ್ತವಳು ನಾನು, ಗುಟ್ಟು ಕಾಯುವುದು ಅವಳದ್ದು! ಜಡೆಯನ್ನು ಸ್ವಲ್ಪ ಬಿಗಿಯಾಗಿಯೇ ಎಳೆದೆ.

ನೇರವಾಗಿ ಓರಗಿತ್ತಿಗೇ ಫೋನ್ ಮಾಡಿದೆ. "ಅಕ್ಕ, ನೀವು ಬನ್ನಿ, ನಾನೇ ಕರ್ಕೊಂಡು ಹೋಗ್ತೇನೆ. ಲೊಕೇಶನ್ ಮಾತ್ರ ಕೇಳ್ಬೇಡಿ, ಬೇಜಾರು ಮಾಡ್ಬೇಡಿ" ಎಂದಳು. ಮೊದಲು ಇಂಥದ್ದೇ ಇನ್ನೊಂದು ಜಾಗವನ್ನು ಊರವರ ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದಳಂತೆ. ಮುಂದಿನ ಶುಕ್ರವಾರ ಹದಿಮೂರು ಗಾಡಿ ಬಂದವಂತೆ. ಕೊಂಬೆ ಮುರಿದು ಬೆಂಕಿ ಹಾಕಿದರಂತೆ, ಉಳಿದ ಬಿರಿಯಾನಿಯನ್ನು ಬುಡದಲ್ಲೇ ಸುರಿದು ಹೋದರಂತೆ. "ಆ ಮರಕ್ಕೆ ನಾನೇ ದ್ರೋಹ ಮಾಡಿದ ಹಾಗಾಯ್ತು ಅಕ್ಕ" ಎಂದಳು.

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನನಗೆ ಕೇಳಿಸಿದ್ದು ಬೇರೆ. ನಾನೂ ಆ ಹದಿಮೂರು ಗಾಡಿಯವರ ಪೈಕಿ ಎಂದು ಕೇಳಿಸಿತು. ಅವಳ ಬಾಲ ಹಿಡಿದು ಅವಳ ಮರದ ಕೆಳಗೆ ಹೋಗಿ ಕೂರುವುದಕ್ಕಿಂತ ನನ್ನದೇ ಒಂದು ಕಾಡನ್ನು ಹುಡುಕುತ್ತೇನೆಂದು ಅವತ್ತೇ ತೀರ್ಮಾನಿಸಿದೆ. ನನ್ನ ಮಗಳು ಹೊಗೆಯ ವಾಸನೆ ಹೊತ್ತುಕೊಂಡು ಬಂದು "ಅಮ್ಮ ಹಾಗೆ, ಅಮ್ಮ ಹೀಗೆ" ಎಂದು ಊರಿಡೀ ಹೇಳಬೇಕು. ನನಗೆ ಬೇಕಾದದ್ದು ಅದೊಂದೇ.

ದೋಹಾದ ವೆಸ್ಟ್ ಬೇಯಲ್ಲಿರುವ ನನ್ನ ಆಫೀಸಿನಲ್ಲಿ ಊಟದ ಬಿಡುವಿನ ಹೊತ್ತು, ಒಂದು ಕೈಯಲ್ಲಿ ಚಪಾತಿ, ಇನ್ನೊಂದರಲ್ಲಿ ಮೌಸು. ಉಪಗ್ರಹದ ನಕ್ಷೆ ತೆರೆದು ಇಡೀ ದೇಶವನ್ನು ಜಾಲಾಡಿದೆ. ಕಂದು ಬಣ್ಣದ ನಡುವೆ ಒಂದು ಹಸಿರು ಚುಕ್ಕೆ ಕಂಡರೆ ಸಾಕು, ಎದೆ ಡವಡವ. ದೊಡ್ಡದು ಮಾಡಿ ನೋಡಿದರೆ ಯಾರದೋ ತೋಟದ ಖರ್ಜೂರ, ಸುತ್ತ ಗೋಡೆ. ಇನ್ನೊಂದು, ದನದ ಮೇವು ಬೆಳೆಯುವ ಹೊಲ. ಮತ್ತೊಂದನ್ನು ನೋಡಲು ಗಂಡನನ್ನು ಎಳೆದುಕೊಂಡು ಎಪ್ಪತ್ತು ಕಿಲೋಮೀಟರ್ ಹೋದೆ. ಅಲ್ಲಿದ್ದದ್ದು ಚರಂಡಿ ನೀರು ಬಿಡುವ ಹೊಂಡ ಮತ್ತು ಅದರ ಸುತ್ತ ಹುಲುಸಾಗಿ ಬೆಳೆದ ಜೊಂಡು.

"ಇಲ್ಲಿ ಟೆಂಟ್ ಹಾಕುವನಾ?" ಎಂದು ಗಂಡ ಮೂಗು ಮುಚ್ಚಿಕೊಂಡೇ ಕೇಳಿದರು.

"ನೀವು ಸುಮ್ಮನಿರಿ."

"ತಮ್ಮನ ಹೆಂಡತಿ ಕರೀತಾ ಇದ್ದಾಳಲ್ಲ ಮಾರಾಯ್ತಿ, ಅಲ್ಲಿಗೇ ಹೋಗಿ ಖಲಾಸ್ ಮಾಡುವ."

ದೋಹಾ ಮುಟ್ಟುವವರೆಗೆ ನಾನು ಫೋನಿನ ನಕ್ಷೆಯಲ್ಲಿ ಮುಂದಿನ ಹಸಿರು ಚುಕ್ಕೆ ಹುಡುಕಿದೆ.

ಕೊನೆಗೆ ಉತ್ತರದ ಕರಾವಳಿಯಲ್ಲಿ ಸಮುದ್ರ ಒಳಸರಿದ ಒಂದು ಮೂಲೆಯಲ್ಲಿ ಹಸಿರಿನ ಗೆರೆ ಕಂಡಿತು. ಎಲ್ಲರೂ ದೋಣಿ ತೆಗೆದುಕೊಂಡು ಹೋಗುವ ಹೆಸರಾದ ಜಾಗವಲ್ಲ, ಅದರಿಂದ ಆಚೆ ಇರುವ ಚಿಕ್ಕದೊಂದು ತುಂಡು. ಒಬ್ಬಳೇ ಕಾರು ಓಡಿಸಿಕೊಂಡು ಹೋಗಿ ನೋಡಿ ಬಂದೆ. ಕಾಂಡ್ಲಾ! ನಮ್ಮ ಅಳಿವೆಯ ಉಪ್ಪುನೀರಿನಲ್ಲಿ ಬೆಳೆಯುವಂಥದ್ದೇ ಕಾಂಡ್ಲಾ ಗಿಡ, ಆಳೆತ್ತರದ ಪೊದೆ, ಬುಡದಲ್ಲಿ ಮೊಳೆಗಳ ಹಾಗೆ ಎದ್ದು ನಿಂತ ಬೇರುಗಳು. ಎದುರಿಗೆ ಸಪಾಟಾದ ಒಣ ನೆಲ. ಬೇಲಿ ಇಲ್ಲ, ಬೋರ್ಡು ಇಲ್ಲ, ಒಂದು ನರಪಿಳ್ಳೆ ಇಲ್ಲ. ಅವಳದ್ದು ಏಳೇ ಮರ, ನನ್ನದು ಇಡೀ ಕಾಡು. ಅಲ್ಲೇ ಗಟ್ಟಿಯಾಗಿ ನಕ್ಕೆ.

ನೀರಿನ ವಿಷಯ ಯೋಚಿಸಲಿಲ್ಲವೇ ಎಂದು ಕೇಳುತ್ತೀರಿ. ಯೋಚಿಸಿದೆ. ತಪ್ಪಾದದ್ದೇ ಅಲ್ಲಿ. ನಾನು ಹುಟ್ಟಿದ್ದು ಹೊಳೆ ಸಮುದ್ರ ಸೇರುವ ಕಡೆ. ನನ್ನ ಅಪ್ಪ ಕೆಸರಿನಲ್ಲಿ ಮರುವಾಯಿ ಚಿಪ್ಪು ಹೆಕ್ಕಲು ಹೋಗುವಾಗ ಗಡಿಯಾರ ನೋಡುತ್ತಿರಲಿಲ್ಲ, ತಿಥಿ ನೋಡುತ್ತಿದ್ದರು. ಹುಣ್ಣಿಮೆ ಅಮಾವಾಸ್ಯೆಗೆ ನೀರಿನ ಜೋರು, ಅಷ್ಟಮಿ ನವಮಿಗೆ ನೀರು ಸಪ್ಪೆ, ದಡದ ಮೇಲ್ಭಾಗಕ್ಕೆ ಹತ್ತುವುದೇ ಇಲ್ಲ. ಇದು ನಮಗೆ ಬಾಯಿಪಾಠ. ಅಡುಗೆಮನೆಯ ಗೋಡೆಯಲ್ಲಿ ಊರಿನಿಂದ ತರಿಸಿದ ಕ್ಯಾಲೆಂಡರ್ ಇತ್ತು. ಮಾರ್ಚ್ ತಿಂಗಳಲ್ಲಿ ಅಷ್ಟಮಿ ಶುಕ್ರವಾರವೇ ಬಿದ್ದಿತ್ತು. ಇಲ್ಲಿಯ ಉಬ್ಬರ ಇಳಿತದ ಹೊತ್ತು ಫೋನಿನಲ್ಲಿ ಸಿಗುತ್ತದೆ, ಒಮ್ಮೆ ನೋಡೆಂದು ಗಂಡ ಹೇಳಿದರು. "ಮೀನಿಗೆ ಈಜು ಕಲಿಸ್ತೀರಾ?" ಎಂದೆ.

ಶುಕ್ರವಾರ ಎರಡು ಗಂಟೆಗೆಲ್ಲ ನಾವು ಮೂವರೂ ಅಲ್ಲಿದ್ದೆವು. ಸಮುದ್ರ ಎಲ್ಲೋ ದೂರದಲ್ಲಿ ಬಿಳಿ ಗೆರೆಯಾಗಿತ್ತು. ಕಾಂಡ್ಲಾದ ಪಕ್ಕದಲ್ಲೇ ಟೆಂಟು ಹೊಡೆದೆವು, ಕಾರನ್ನೂ ಹತ್ತಿರಕ್ಕೇ ತಂದು ನಿಲ್ಲಿಸಿದೆವು. ನಾನು ಮೂರು ಕಲ್ಲು ಹೂಡಿದೆ, ಗಂಜಿಗೆ ಇಟ್ಟೆ. ಅವಳು ಗಂಜಿ ಮಾಡಿದ್ದರೆ ನಾನು ಗಂಜಿಯ ಜೊತೆ ಬಂಗುಡೆಯನ್ನೂ ಸುಡುವವಳು.

"ನಿನ್ನ ಚಿಕ್ಕಮ್ಮನ ಜಾಗದಲ್ಲಿ ಇಷ್ಟು ಗಾಳಿ ಉಂಟಾ?" ಎಂದು ಮಗಳನ್ನು ಕೇಳಿದೆ.

"ಉಂಟು."

"ಇಷ್ಟು ಹಸಿರು?"

"ಅದು ಬೇರೆ ಥರ ಅಮ್ಮಾ."

"ಅಲ್ಲಿ ಬಂಗುಡೆ ಸುಟ್ಟಿದ್ರಾ?"

ಅವಳು ಏಡಿಗಳ ಹಿಂದೆ ಹೋದಳು. ನಾನು ಫೋಟೋ ತೆಗೆಯಲು ನಿಂತೆ. ಹಸಿರಿನ ಹಿನ್ನೆಲೆಯಲ್ಲಿ ಟೆಂಟು, ಹೊಗೆಯ ಹಿನ್ನೆಲೆಯಲ್ಲಿ ಟೆಂಟು, ಬಂಗುಡೆಯ ಜೊತೆ ಟೆಂಟು. ಮನೆಯವರ ಗುಂಪಿಗೆ ಹಾಕಬೇಕು, ಓರಗಿತ್ತಿ ನೋಡಬೇಕು, ಆದರೆ ಎಲ್ಲಿ ಎಂದು ತಿಳಿಯಬಾರದು. ಅದಕ್ಕೆ ತಕ್ಕ ನಾಲ್ಕು ಸಾಲು ಬರೆಯಬೇಕಲ್ಲ. ಬರೆದೆ, ಅಳಿಸಿದೆ, ಮತ್ತೆ ಬರೆದೆ. ಮಗಳು ಒಂದೆರಡು ಸಲ "ಅಮ್ಮಾ, ಅಮ್ಮಾ" ಎಂದು ಕರೆದಳು. "ಇರು ಮಾರಾಯ್ತಿ, ಬಂದೆ" ಎಂದೆ. ಗಂಡ ಚಾಪೆ ಹಾಸಿ ಗೊರಕೆ ಹೊಡೆಯುತ್ತಿದ್ದರು.

ಒಲೆ ಚುಸ್ಸೆಂದಾಗ ತಲೆ ಎತ್ತಿದೆ. ಮೂರು ಕಲ್ಲುಗಳ ನಡುವೆ ನೀರಿತ್ತು.

ಅಲೆ ಇಲ್ಲ, ಸದ್ದಿಲ್ಲ. ಆ ಸಪಾಟು ನೆಲದ ಮೇಲೆ ಚೆಲ್ಲಿದ ಎಣ್ಣೆಯ ಹಾಗೆ ನೀರು ಎಲ್ಲ ಕಡೆಯಿಂದ ತೆವಳಿ ಬಂದಿತ್ತು. ಇಲ್ಲಿಯ ಸಮುದ್ರಕ್ಕೆ ನನ್ನ ಅಪ್ಪನ ಅಷ್ಟಮಿ ಗೊತ್ತಿರಲಿಲ್ಲ. ಇಲ್ಲಿಯ ನೀರಿನ ಲೆಕ್ಕವೇ ಬೇರೆ ಎಂದು ಆಮೇಲೆ ಓದಿ ತಿಳಿದುಕೊಂಡೆ. ಗಂಡ ಗಡಬಡಿಸಿ ಎದ್ದು ಕಾರಿಗೆ ಓಡಿದರು. ನೆಲ ಮೇಲೆ ಹಪ್ಪಳ, ಒಳಗೆ ಅರೆದ ಹಿಟ್ಟು. ಹಿಂದಕ್ಕೆ ತೆಗೆಯಲು ಹೋದಂತೆ ಚಕ್ರಗಳು ಅರ್ಧ ಹೂತುಹೋದವು.

"ತಮ್ಮನಿಗೆ ಫೋನ್ ಮಾಡ್ತೇನೆ. ಹತ್ತಿರ ಇರುದು ಅವನೇ."

"ಬೇಡ."

"ಬೇಡ ಅಂದ್ರೆ? ಮತ್ತೆ ಯಾರಿಗೆ?"

"ಯಾರಿಗಾದ್ರೂ ಮಾಡಿ. ಅವರಿಗೆ ಬೇಡ."

ಟೆಂಟು ಕಿತ್ತು ಕಾರಿನ ತಲೆಯ ಮೇಲೆ ಹಾಕಿದೆ. ನೀರು ಕಣಕಾಲಿಗೆ ಬಂತು. ಗಂಜಿಯ ಪಾತ್ರೆ ತೇಲುತ್ತ ಕಾಂಡ್ಲಾದ ಕಡೆಗೆ ಹೊರಟಿತು. ಮಗಳು ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ನನ್ನನ್ನೇ ನೋಡುತ್ತ ನಿಂತಿದ್ದಳು. ಅವಳ ತುಟಿ ಚಳಿಗೆ ಅದುರುತ್ತಿತ್ತು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡಂತೆ ಎಂಬ ಮಾತಿದೆಯಲ್ಲ, ಅದು ನನಗೆಂದೇ ಹುಟ್ಟಿದ್ದು. ಕೊನೆಗೆ ನಾನೇ ಫೋನ್ ಮಾಡಿದೆ, ಮೈದುನನಿಗಲ್ಲ, ಅವಳಿಗೆ.

"ಲೊಕೇಶನ್ ಕಳಿಸಿ ಅಕ್ಕ, ಬಂದೆವು" ಎಂದಳು. ಬೇರೆ ಒಂದು ಮಾತಿಲ್ಲ.

ಅರ್ಧ ಗಂಟೆಯಲ್ಲಿ ಬಂದರು. ಇನ್ನೂ ಬೆಳಕಿತ್ತು. ಮೈದುನ ಗಾಡಿಯನ್ನು ಗಟ್ಟಿ ನೆಲದಲ್ಲೇ ನಿಲ್ಲಿಸಿ ಹಗ್ಗ ಎಳೆದು ತಂದರು. ಅವಳು ಪ್ಯಾಂಟು ಮಡಚಿ, ಕೈಯಲ್ಲಿ ಟವೆಲು ಮತ್ತು ಚಹದ ಫ್ಲಾಸ್ಕು ಹಿಡಿದು ನೀರಿಗೆ ಇಳಿದಳು. ಅವಳು ನಕ್ಕಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ, ಎರಡು ಬೈದು ಹಗುರಾಗುತ್ತಿದ್ದೆ. ಅವಳು ನಗಲಿಲ್ಲ. ಮಗಳಿಗೆ ಟವೆಲು ಸುತ್ತಿ, ಸುತ್ತ ನೋಡಿ, "ಅಯ್ಯೋ ಅಕ್ಕ, ಎಂಥ ಚಂದದ ಜಾಗ! ಇದು ನಮ್ಗೆ ಗೊತ್ತೇ ಇರ್ಲಿಲ್ಲ. ನೀವು ಹೇಗೆ ಹುಡುಕಿದ್ದು?" ಎಂದಳು.

ಮೊಣಕಾಲಿನವರೆಗೆ ಕೆಸರು, ಕಾರು ಹೂತಿದೆ, ಮಗಳು ನಡುಗುತ್ತಿದ್ದಾಳೆ. ಆದರೂ ನನ್ನೊಳಗೆ ಏನೋ ಒಂದು ಕುಣಿಯಿತು. ಅವಳಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು! ನನ್ನ ಸಣ್ಣತನ ಎಷ್ಟು ಆಳಕ್ಕೆ ಇಳಿದಿತ್ತೆಂದು ನೀವೇ ನೋಡಿ.

ಮೂರು ಸಲ ಎಳೆದಾಗ ಕಾರು ಬಿಟ್ಟಿತು. ಹೊರಡುವ ಹೊತ್ತಿಗೆ ಅವಳು, "ಅಕ್ಕ, ನಮ್ಮಲ್ಲಿಗೇ ಬನ್ನಿ, ಬಿಸಿ ನೀರು ಉಂಟು" ಎಂದು ಕರೆದಳು. ಅವಳ ಗಾಡಿಯಲ್ಲಿ ಹೀಟರು, ಒಣಗಿದ ಸೀಟು. ಮಗಳು ಹೋಗಿಯೇ ಹೋಗುತ್ತಾಳೆಂದು ನನಗೆ ಖಾತ್ರಿಯಿತ್ತು. ಅವಳಾಗಿ ಹೋಗುವುದನ್ನು ನೋಡುವುದಕ್ಕಿಂತ ನಾನೇ ಕಳಿಸಿದರೆ ಮರ್ಯಾದೆ ಎನಿಸಿತು. "ಹೋಗು, ಚಿಕ್ಕಮ್ಮನ ಗಾಡಿಯಲ್ಲಿ ಕೂತ್ಕೋ" ಎಂದೆ.

"ಇಲ್ಲ" ಎಂದು ಅವಳು ನಮ್ಮ ಒದ್ದೆ ಕಾರಿನ ಹಿಂದಿನ ಸೀಟಿಗೆ ಹತ್ತಿ ಕುಳಿತಳು.

ನಾನು ಗೆದ್ದೆ ಎಂದುಕೊಂಡೆ. ಮುಂದಿನ ಸೀಟು ಬಿಟ್ಟು ಅವಳ ಪಕ್ಕದಲ್ಲೇ ಹೋಗಿ ಕುಳಿತೆ. ಡಾಂಬರು ರಸ್ತೆ ಸಿಕ್ಕಿದ ಮೇಲೆ ಅವಳ ಕಾಲು ಒರೆಸುತ್ತ, ಮೆಲ್ಲಗೆ ಕೇಳಿದೆ: "ಚಿಕ್ಕಮ್ಮನ ಜೊತೆ ಯಾಕೆ ಹೋಗ್ಲಿಲ್ಲ?"

"ನೀನು ಅಳ್ತಿ ಅಂತ."

"ನಾನ್ಯಾಕೆ ಅಳ್ಬೇಕು?"

"ನಿನ್ಗೆ ಚಿಕ್ಕಮ್ಮ ಅಂದ್ರೆ ಜೆಲಸ್ ಅಲ್ವಾ ಅಮ್ಮಾ?" ಎಂದಳು. ಬೈದು ಹೇಳಿದ್ದಲ್ಲ, ಹಸಿವಾಗಿದೆ ಎಂದು ಹೇಳುವ ಧಾಟಿಯಲ್ಲೇ ಹೇಳಿದಳು. ಎದುರಿನ ಕನ್ನಡಿಯಲ್ಲಿ ಗಂಡನ ಕಣ್ಣು ಒಮ್ಮೆ ನನ್ನ ಕಡೆ ತಿರುಗಿ ಮತ್ತೆ ರಸ್ತೆಗೆ ಹೋಯಿತು.

ನಾನು ಒರೆಸಿದ ಕಾಲನ್ನೇ ಮತ್ತೆ ಒರೆಸಿದೆ. ಅವಳು ಟವೆಲನ್ನು ಕತ್ತಿನವರೆಗೆ ಎಳೆದುಕೊಂಡಳು.

"ನೀರು ಬರ್ತಾ ಉಂಟು ಅಂತ ಹೇಳ್ಲಿಕ್ಕೆ ನಾನು ನಾಲ್ಕು ಸಲ ಕರೆದೆ ಅಮ್ಮಾ. ನೀನು ಚಿಕ್ಕಮ್ಮನಿಗೆ ಫೋಟೋ ಕಳಿಸ್ಲಿಕ್ಕೆ ಬರೀತಾ ಇದ್ದಿ."

ನನಗೆ ಎರಡು ಸಲದ್ದು ಮಾತ್ರ ನೆನಪಿತ್ತು.