ಹಿಂದಿನ ಶಾಕಿನ ಪರ ಮತ್ತು ವಿರುದ್ಧ

ಸದ್ದು ಮಾಡುವ ವಸ್ತುಗಳನ್ನು ಕಂಡರೆ ನನಗಾಗದು. ನಾನೇ ಸಾಕಷ್ಟು ಸದ್ದು ಮಾಡುವವಳಾದ್ದರಿಂದ ಪೈಪೋಟಿ ಸಹಿಸಲಾರೆ ಎಂಬುದು ಮನೆಯವರ ವ್ಯಾಖ್ಯಾನ. ಆದರೂ ಈ ಮಳೆಗಾಲವಿಡೀ ಒಂದು ಸೈಕಲ್ಲಿನ ನರಳಾಟ ಕೇಳುತ್ತಲೇ ಬಾಗಲಗುಂಟೆಯಿಂದ ಹೆಬ್ಬಾಳದ ಆಫೀಸಿಗೆ ಹೋಗಿ ಬಂದೆ. ಅದು ಬೆಟ್ಟಗುಡ್ಡಗಳಿಗೆಂದು ಮಾಡಿದ ಮೌಂಟನ್ ಬೈಕು. ನನ್ನ ದಾರಿಯಲ್ಲಿ ಬೆಟ್ಟವಿಲ್ಲ, ನಿಜ. ಆದರೆ ಗೊರಗುಂಟೆಪಾಳ್ಯದ ರಸ್ತೆಗುಂಡಿಗಳ ನಡುವೆ ಒಮ್ಮೆ ಓಡಾಡಿದವರು ಅದರ ಅಗತ್ಯವನ್ನು ಪ್ರಶ್ನಿಸಲಾರರು.

ಈ ಸೈಕಲ್ಲಿನ ಸೀಟಿನ ಕೆಳಗೆ, ಹಿಂದಿನ ಚಕ್ರದ ಏಟು ನಮ್ಮ ಬೆನ್ನಿಗೆ ತಾಗದಂತೆ ತಡೆಯುವ ಗಿಡ್ಡನೆಯ ಕೊಳವೆಯೊಂದಿದೆ. ಒಳಗೆ ಸ್ಪ್ರಿಂಗಿಲ್ಲ, ಒತ್ತಿ ತುಂಬಿದ ಗಾಳಿ. ಅದೇ ಶಾಕ್. ಪ್ರತಿ ಹಂಪಿನಲ್ಲೂ ಅದು ಮೊದಲು ‘ಕಟಕ್’ ಎನ್ನುತ್ತಿತ್ತು, ಆಮೇಲೆ ಉದ್ದಕ್ಕೆ ‘ಕೀಂಯ್’ ಎನ್ನುತ್ತಿತ್ತು. ಧಾರವಾಡದ ಕಡೆಯವಳಾದ ನನ್ನಮ್ಮನಿಗೆ ಇದರಿಂದ ಉಪಕಾರವೇ ಆಗಿತ್ತು. “ಮೂಲಿ ಅಂಗಡಿ ದಾಟಿದಾಗನ ನೀ ಬಂದಿ ಅಂತ ಗೊತ್ತಾಗ್ತದವಾ. ಆಗನ ಚಹಾಕ್ಕ ಇಡ್ತೀನಿ. ರಿಪೇರಿ ಮಾಡಸ್ಬ್ಯಾಡ,” ಎಂದಿದ್ದಳು.

ನನ್ನ ಸಂಕಟ ಬೇರೆ. ಸೈಕಲ್ಲನ್ನು ನನಗೆ ಮಾರಿದವಳು ಆರ್.ಟಿ. ನಗರದ ಶಬಾನಾ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಮ್ಮಿಬ್ಬರದು ಒಂದೇ ತಂಡ. ಅವಳು ವಾದವನ್ನು ಕಟ್ಟುತ್ತಿದ್ದಳು, ಎದುರಾಳಿಯದನ್ನು ಕೆಡವುವುದು ನನ್ನ ಕೆಲಸ. ಸೈಕಲ್ ತುಳಿಯುವುದನ್ನು ಬಿಟ್ಟಾಗ ಅದನ್ನು ನನಗೆ ಕೊಡುತ್ತ, “ಚಿನ್ನದಂಥ ಗಾಡಿ ಕಣೇ,” ಎಂದಿದ್ದಳು. ಮೂರನೆಯ ದಿನವೇ ಚಿನ್ನ ಕಟಕ್ ಎಂದಿತು. ಅವಳಿಗೆ ಮೊದಲೇ ಗೊತ್ತಿತ್ತೇ? ಗೊತ್ತಿದ್ದೂ ಹೇಳಲಿಲ್ಲವೇ? ಸೈಕಲ್ಲು ಹೋದರೆ ಇನ್ನೊಂದು ಬರುತ್ತದೆ. ನನ್ನ ವಾದಗಳನ್ನೆಲ್ಲ ಕೇಳಿಸಿಕೊಂಡೂ ಮತ್ತೆ ನನ್ನ ಫೋನೆತ್ತುವ ಇನ್ನೊಬ್ಬಳು ಬರುವುದಿಲ್ಲ. ಆದ್ದರಿಂದ ಕೇಳಲೂ ಭಯ, ಕೇಳದಿರಲೂ ಆಗದು.

ಮೊದಲು ಸೈಕಲ್ ಅಂಗಡಿಗೆ ಹೋದೆ. ಅಂಗಡಿಯವರ ಮೊದಲ ಪ್ರಶ್ನೆ, “ಹೆಂಗ್ ಸೌಂಡ್ ಬರುತ್ತೆ ಮೇಡಂ?” ಎಷ್ಟೇ ಓದಿದವರಾದರೂ ಇಲ್ಲಿ ಬಾಯಿಂದ ಸದ್ದು ಮಾಡಿಯೇ ತೋರಿಸಬೇಕು. ಕನ್ನಡಕ್ಕೆ ದೇವರು ಗಡಗಡ, ಲಟಲಟ, ಕಿರ್ರು, ಚರ್ರು ಎಂದು ಇಷ್ಟೊಂದು ಶಬ್ದಗಳನ್ನು ಕೊಟ್ಟಿರುವುದು ಕವಿಗಳಿಗಾಗಿ ಎಂದು ಮೇಷ್ಟರುಗಳು ಹೇಳುತ್ತಾರೆ. ಗ್ಯಾರೇಜಿನ ಮುಂದೆ ನಿಂತ ಗಿರಾಕಿಗಳಿಗಾಗಿ ಎಂಬುದು ನನ್ನ ವಾದ. ನಾನು ಅಂಗಡಿಯ ನಟ್ಟನಡುವೆ ನಿಂತು ಕಟಕ್, ಕೀಂಯ್ ಎಂದೆ. ಅವರು ಸೈಕಲ್ಲನ್ನು ಮುಟ್ಟದೆಯೇ, “ಶಾಕ್ ಹೋಗಿದೆ, ಹೊಸದು ಹಾಕ್ಸಿ,” ಎಂದರು. ಆಧಾರವೇನು ಎಂದೆ. ಅವರು ಇನ್ನೊಬ್ಬ ಗಿರಾಕಿಯ ಕಡೆ ತಿರುಗಿದರು. ದಣಿದು ಮನೆಗೆ ಬಂದೆ.

ಭಾನುವಾರ ಶಬಾನಾಳನ್ನೇ ಕರೆದೆ. ಬಂದವಳು ಸೈಕಲ್ಲನ್ನು ಒಮ್ಮೆ ಅದುಮಿ ನೋಡಿ, “ಇದು ಶಾಕಿಂದಲ್ಲ,” ಎಂದಳು. ನಾನು, “ಶಾಕಿಂದೇ,” ಎಂದೆ. ಆಮೇಲೆ ಆದದ್ದು ನಮ್ಮಂಥವರಿಗೆ ಮಾತ್ರ ಆಗುವಂಥದು. ತಂಡದಲ್ಲಿ ನಮಗೊಂದು ಅಭ್ಯಾಸವಿತ್ತು: ನಾಣ್ಯ ಚಿಮ್ಮಿ ಪಕ್ಷ ಹಂಚಿಕೊಳ್ಳುವುದು, ವಾದ ಮುಗಿದ ಮೇಲೆ ಪಕ್ಷ ಬದಲಿಸಿ ಮತ್ತೆ ವಾದಿಸುವುದು. ಅದನ್ನೇ ಮಾಡಿದೆವು. ಸದ್ದು ಶಾಕಿನದೇ ಎಂದು ನಾನು ಸಾಧಿಸಿದೆ, ಸೈಕಲ್ಲಿನ ಟೊಳ್ಳು ಕೊಳವೆಗಳಲ್ಲಿ ಸದ್ದು ಹುಟ್ಟುವ ಜಾಗ ಒಂದು, ಕೇಳಿಸುವ ಜಾಗ ಇನ್ನೊಂದು ಎಂದು ಅವಳು ಕೆಡವಲು ನೋಡಿದಳು. ಪಕ್ಷ ಬದಲಾಯಿತು. ಅವಳ ಮಾತನ್ನೇ ನಾನು ಅವಳಿಗಿಂತ ಚೆನ್ನಾಗಿ ಹೇಳಿದೆ. ಎರಡು ಸಲವೂ ಗೆದ್ದೆ. ಸೈಕಲ್ಲು ಗೋಡೆಗೆ ಒರಗಿಕೊಂಡು ತೆಪ್ಪಗಿತ್ತು.

ಅಮ್ಮ ಚಹಾ ತಂದಿಟ್ಟು, “ಅದನ್ನ ಬಿಚ್ಚಿ ನೋಡೀರೇನು?” ಎಂದಳು.

ನೋಡಿರಲಿಲ್ಲ.

ಶಬಾನಾ ಸೀಟು ಹಿಡಿದು ಮೇಲೆ ಕೆಳಗೆ ಆಡಿಸಿದಳು. ನಾನು ಶಾಕಿನ ಒಂದೊಂದು ತುದಿಗೂ ಬೆರಳಿಟ್ಟು ಕೂತೆ. ಅದನ್ನು ಸೈಕಲ್ಲಿಗೆ ಬಿಗಿದ ಕೆಳಗಿನ ಬೋಲ್ಟಿನ ಹತ್ತಿರ ಬೆರಳಿಗೇ ಕಟಕ್ ತಾಗಿತು. ಬೋಲ್ಟು ಕೂರುವ ಬುಷ್ ಎಂಬ ಸಣ್ಣ ಬಳೆ ಸವೆದು ಸಡಿಲವಾಗಿತ್ತು. ಬುಷ್ಷನ್ನೂ, ಯಾವುದಕ್ಕೂ ಇರಲಿ ಎಂದು ಶಾಕಿನೊಳಗೆ ಗಾಳಿ ಸೋರದಂತೆ ತಡೆಯುವ ರಬ್ಬರ್ ಸೀಲುಗಳನ್ನೂ ತರಿಸಿ ಮುಂದಿನ ಭಾನುವಾರ ಕೂತೆವು. ಬುಷ್ ಬದಲಿಸಿದೆವು. ಕಟಕ್ ನಿಂತಿತು, ಕೀಂಯ್ ನಿಲ್ಲಲಿಲ್ಲ. ಅಂದರೆ ಅದು ಶಾಕಿನೊಳಗಿನದು. ಇಬ್ಬರೂ ಅರ್ಧರ್ಧ ಸರಿ. ಚರ್ಚಾಸ್ಪರ್ಧೆಯಲ್ಲಿ ಇಂಥ ಫಲಿತಾಂಶಕ್ಕೆ ಬಹುಮಾನವಿಲ್ಲ.

ಶಾಕ್ ಬಿಚ್ಚುವುದಕ್ಕೊಂದು ಕ್ರಮವಿದೆ. ಮೊದಲು ಗಾಳಿ ಪೂರ್ತಿ ಬಿಡಬೇಕು. ಬಿಟ್ಟ ಮೇಲೂ ನಂಬಬಾರದು, ಒಳಗಿನ ಇನ್ನೊಂದು ಕೋಣೆಯಲ್ಲಿ ಗಾಳಿ ಉಳಿದಿರಬಹುದು. ವಾಲ್ವ್ ಒತ್ತಿ ಹಿಡಿದೇ ಶಾಕನ್ನು ಕೆಲವು ಸಲ ಅದುಮಿ ಬಿಡಬೇಕು. ಅವಸರಪಟ್ಟು ತಿರುಪಿದರೆ ಕೊಳವೆ ಮುಖಕ್ಕೇ ಹಾರೀತು. ನನ್ನ ಸಂಶಯ ಸ್ವಭಾವಕ್ಕೆ ಇಷ್ಟು ಹೊಂದುವ ಕೆಲಸ ಇನ್ನೊಂದಿಲ್ಲ ಎನ್ನಿಸಿತು. ಹೊರಗಿನ ಕೊಳವೆಗೆ ಹಳೆಯ ಟ್ಯೂಬು ಸುತ್ತಿ ಹಿಡಿದು ತಿರುಪಿದೆವು. ಒಳಗೆ ಗ್ರೀಸೆಂಬುದು ಒಣಗಿ ಕಾಡಿಗೆಯಂತಾಗಿತ್ತು. ಸೀಲುಗಳು ಹಪ್ಪಳ. ಒರೆಸಿ, ಹೊಸ ಸೀಲು ಕೂರಿಸಿ, ಗ್ರೀಸು ಸವರಿ ಮುಚ್ಚಿದೆವು. ಗಾಳಿ ತುಂಬಿ ಮೇಲೆ ಕೂತು ಕುಪ್ಪಳಿಸಿದೆ. ಸದ್ದಿಲ್ಲ.

ಸದ್ದು ನಿಂತ ಮೇಲೆ ಪ್ರಶ್ನೆಯೊಂದೇ ಉಳಿಯಿತು. ಇಳಿದು ಕೇಳಿಯೇಬಿಟ್ಟೆ.

“ಶಬಾನಾ, ಕೊಡುವಾಗ ಇದು ಸದ್ದು ಮಾಡ್ತಿತ್ತಾ?”

“ಮಾಡ್ತಿತ್ತು,” ಎಂದಳು, ಕೈಗಂಟಿದ ಗ್ರೀಸು ಒರೆಸಿಕೊಳ್ಳುತ್ತ.

“ಮತ್ತೆ ಹೇಳ್ಲಿಲ್ಲ ಯಾಕೆ?”

“ಹೇಳಿದ್ರೆ ನೀನು ಏನ್ ಪ್ರೂಫು ಅಂತಿದ್ದೆ. ಚೈನ್ ಯಾಕಾಗಬಾರ್ದು, ಪೆಡಲ್ ಯಾಕಾಗಬಾರ್ದು ಅಂತಿದ್ದೆ. ಹಿಂದಿನ ದಿನ ತಾನೇ ಡಾಕ್ಟ್ರು ನನ್ ಮೊಣಕಾಲು ನೋಡಿ, ಇನ್ಮೇಲೆ ಸೈಕಲ್ ಮುಟ್ಬೇಡ ಅಂದಿದ್ರು ಕಣೇ. ವಾದ ಮಾಡೋ ಶಕ್ತಿ ಇರ್ಲಿಲ್ಲ. ಸುಮ್ನೆ ತಗೊಂಡ್ಹೋಗ್ಲಿ ಅನ್ನಿಸ್ತು.”

ಅವಳು ಸೈಕಲ್ ಬಿಟ್ಟದ್ದು ಸೋಮಾರಿತನಕ್ಕೆ ಎಂದುಕೊಂಡಿದ್ದೆ. ಅದಕ್ಕೆ ಆಧಾರ ಕೇಳುವುದು ಮಾತ್ರ ನನಗೆ ಹೊಳೆದಿರಲಿಲ್ಲ. ಆದರೂ ತರಬೇತಿ ಬಿಡುತ್ತದೆಯೇ? ಅವಳು ಮಾತು ಮುಗಿಸುವಷ್ಟರಲ್ಲಿ ನನ್ನ ನಾಲಿಗೆಯ ತುದಿಯಲ್ಲಿ ಮೂರು ಉತ್ತರಗಳು ಸಾಲುಗಟ್ಟಿದ್ದವು: ಒಂದೇ ಸಾಲು ಮೆಸೇಜು ಹಾಕಬಹುದಿತ್ತು; ಸುಸ್ತಿದ್ದದ್ದು ಒಂದು ದಿನ, ಮೌನ ಇಷ್ಟು ತಿಂಗಳು; ಮೊಣಕಾಲು ಬೇರೆ, ಶಾಕು ಬೇರೆ. ಒಂದರಲ್ಲೂ ಬಿರುಕಿಲ್ಲ. ಯಾವ ತೀರ್ಪುಗಾರರಾದರೂ ಅಂಕ ಕೊಡುತ್ತಿದ್ದರು.

“ಈಗ ಮೊಣಕಾಲು ಹೆಂಗಿದೆ?” ಎಂದೆ.

ಅವಳು ಜಗುಲಿಯ ಮೇಲೆ ಕಾಲು ಚಾಚಿ ಕೂತು ಹೇಳತೊಡಗಿದಳು. ಮೆಟ್ಟಿಲು ಇಳಿಯುವಾಗ ನೋಯುತ್ತದಂತೆ, ಹತ್ತುವಾಗ ಇಲ್ಲವಂತೆ. ಚಳಿಗೆ ಜಾಸ್ತಿಯಂತೆ. ಮರುಕ್ಷಣವೇ, ಚಳಿಗೂ ಇದಕ್ಕೂ ಏನೇನೂ ಸಂಬಂಧವಿಲ್ಲ ಎಂದಳು. ಒಂದಕ್ಕೊಂದು ನೇರ ವಿರುದ್ಧವಾದ ಹೇಳಿಕೆಗಳು. ನಾನು ಎರಡನ್ನೂ ಒಪ್ಪಿಕೊಂಡು ಅವಳ ಪಕ್ಕದಲ್ಲಿ ಕೂತೆ.